ನಿಂಬೆ ಗಿಡದ ಒಂದು ಹುಳ, ಮೂರು ವಾರದ ಕೀಟ ಪಾಠ: ಒಂದರಿಂದ ಮೂರನೇ ತರಗತಿಯವರಿಗೆ ಹಂತ ಹಂತವಾಗಿ

ಕೀಟದ ಪಾಠ ಮುಗಿದ ಮೇಲೆ ಎರಡನೇ ತರಗತಿಯ ಮಗುವನ್ನು "ಕೀಟಕ್ಕೆ ಎಷ್ಟು ಕಾಲು?" ಅಂತ ಕೇಳಿ. "ಆರು" ಅಂತ ಥಟ್ಟನೆ ಹೇಳುತ್ತದೆ. ಗೋಡೆ ಮೇಲಿನ ಜೇಡ ತೋರಿಸಿ "ಇದು ಕೀಟವಾ?" ಅಂದರೆ ಅದಕ್ಕೂ "ಹೂಂ". ಎರೆಹುಳಕ್ಕೂ "ಹೂಂ". ಈ ದೂರನ್ನು ಬೇರೆ ಬೇರೆ ಟೀಚರ್‌ಗಳಿಂದ ಕೇಳಿ ಕೇಳಿ ಸಾಕಾಗಿದೆ. ಇದರ ಜೊತೆಗೇ ಬರುವ ಇನ್ನೊಂದು ದೂರು: "ಹುಳ ತಂದು ಡಬ್ಬಿಯಲ್ಲಿ ಇಟ್ಟೆ, ಎರಡೇ ದಿನಕ್ಕೆ ಸತ್ತುಹೋಯ್ತು."

ಮೊದಲನೆಯದಕ್ಕೆ ಕಾರಣ ಪಾಠದ ಕ್ರಮ. ಚಾರ್ಟ್ ತೂಗುಹಾಕಿ, ಹೆಸರು ಬಾಯಿಪಾಠ ಮಾಡಿಸಿ, ಸಮಯ ಉಳಿದರೆ ಅಂಗಳಕ್ಕೆ ಕರೆದುಕೊಂಡು ಹೋಗುತ್ತೇವೆ. ಸಮಯ ಉಳಿಯುವುದಿಲ್ಲ. ಇಲ್ಲಿ ನಾನು ಹೇಳುವುದು ಇದರ ಉಲ್ಟಾ: ಮೊದಲು ಕಾಲು ಎಣಿಸುವುದು, ಆಮೇಲೆ ಒಂದೇ ಒಂದು ಹುಳವನ್ನು ಸಾಕುವುದು, ಚಾರ್ಟ್ ಕಡೆಗೆ. ಎರಡನೆಯ ದೂರಿಗೆ ಕಾರಣಗಳು ಜಾಸ್ತಿ, ಅವು ಹಂತ 5ರಲ್ಲಿವೆ.

## ಏನೇನು ಬೇಕು

ಅಗಲ ಬಾಯಿಯ ದೊಡ್ಡ ಪಾರದರ್ಶಕ ಡಬ್ಬಿ. ಉಪ್ಪಿನಕಾಯಿ ಡಬ್ಬಿ ಆಗುತ್ತದೆ, ಆದರೆ ವಾಸನೆ ಪೂರ್ತಿ ಹೋಗುವವರೆಗೆ ತೊಳೆದು ಬಿಸಿಲಲ್ಲಿ ಒಣಗಿಸಿ. ಎತ್ತರ ಕನಿಷ್ಠ ಒಂದು ಗೇಣು ಇರಲಿ, ಯಾಕೆ ಅಂತ ಹಂತ 7ರಲ್ಲಿ ಗೊತ್ತಾಗುತ್ತದೆ.

ಬಾಯಿಗೆ ಕಟ್ಟಲು ಸೊಳ್ಳೆ ಪರದೆಯ ತುಂಡು ಅಥವಾ ಹಳೇ ತೆಳು ಪಂಚೆ ಬಟ್ಟೆ, ಒಂದು ರಬ್ಬರ್ ಬ್ಯಾಂಡ್. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆಯುವುದು ಬೇಡ. ಎಳೆ ಹುಳ ತೂತಿನಿಂದ ಹೊರಗೆ ಹೋಗುತ್ತದೆ, ತೂತಿನ ಚೂಪು ಅಂಚು ಒಳಗಿರುವ ಹುಳಕ್ಕೂ ಮಕ್ಕಳ ಕೈಗೂ ತಾಗುತ್ತದೆ.

ಔಷಧಿ ಸೀಸೆಯಂಥ ಪುಟ್ಟ ಬಾಟಲಿ ಒಂದು, ಸ್ವಲ್ಪ ಹತ್ತಿ, ಹಳೇ ದಿನಪತ್ರಿಕೆ, ಮೆತ್ತನೆ ಬಣ್ಣದ ಬ್ರಷ್, ಒಂದೆರಡು ಭೂತಗನ್ನಡಿ, ನೀರು ಹಾಕಿಡಲು ಒಂದು ಅಗಲವಾದ ತಟ್ಟೆ. ಮುಖ್ಯವಾಗಿ, ಔಷಧಿ ಹೊಡೆಯದ ಒಂದು ನಿಂಬೆ ಗಿಡ ಅಥವಾ ಕರಿಬೇವಿನ ಗಿಡ ನಡೆದು ಹೋಗುವ ದೂರದಲ್ಲಿರಬೇಕು. ಗಿಡ ಇಲ್ಲದಿದ್ದರೆ ಶುರು ಮಾಡಬೇಡಿ. ಮೊದಲು ಗಿಡ, ಆಮೇಲೆ ಹುಳ.

## ಹಂತ 1: ಕ್ಯಾಲೆಂಡರ್ ನೋಡಿ

ಎಳೆ ಹುಳದಿಂದ ಚಿಟ್ಟೆ ಹಾರುವವರೆಗೆ ಸುಮಾರು ಮೂರು ವಾರ. ಚಳಿ ಇದ್ದರೆ ನಾಲ್ಕೂ ಆಗಬಹುದು. ಮಳೆ ಬಿದ್ದು ನಿಂಬೆ ಚಿಗುರಿದ ಮೇಲೆ, ಅಂದರೆ ಜುಲೈ, ಆಗಸ್ಟ್ ಒಳ್ಳೆಯ ಕಾಲ. ದಸರಾ ರಜೆಗೆ ಹತ್ತು ದಿನ ಇರುವಾಗ ಹುಳ ತಂದವರ ಪಾಡು ಕೇಳಬೇಡಿ. ಬೀಗ ಹಾಕಿದ ಕೋಣೆಯಲ್ಲಿ ಹುಳ ಉಪವಾಸ.

ಸೋಮವಾರ ಶುರು ಮಾಡಿ. ಭಾನುವಾರ ಎಲೆ ಹಾಕುವವರು ಯಾರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಸಾಮಾನ್ಯವಾಗಿ ಡಬ್ಬಿ ಟೀಚರ್ ಮನೆಗೇ ಬರುತ್ತದೆ, ಮಾನಸಿಕವಾಗಿ ಸಿದ್ಧವಾಗಿರಿ.

ಜೇನು, ಕಣಜ ಕಚ್ಚಿ ಯಾವುದಾದರೂ ಮಗುವಿಗೆ ಮೈ ಊದಿದ್ದು ಉಂಟಾ ಅಂತ ಇದೇ ವಾರ ಪೋಷಕರನ್ನು ಕೇಳಿಟ್ಟುಕೊಳ್ಳಿ.

## ಹಂತ 2: ಮಕ್ಕಳ 'ಹುಳ' ಯಾವುದು ಅಂತ ಕೇಳಿ

ಈ ಹಂತವನ್ನು ಬಹಳ ಜನ ಹಾರಿಸುತ್ತಾರೆ. ನನ್ನ ಪ್ರಕಾರ ಗೊಂದಲ ಹುಟ್ಟುವುದೇ ಇಲ್ಲಿ.

'ಕೀಟ' ಪುಸ್ತಕದ ಮಾತು. ಮಗುವಿನ ಬಾಯಲ್ಲಿರುವುದು 'ಹುಳ'. ನಮ್ಮ ಕನ್ನಡದ ಹುಳಕ್ಕೆ ಗಡಿಯೇ ಇಲ್ಲ. ಅಕ್ಕಿಯಲ್ಲಿರುವುದೂ ಹುಳ, ಹೊಟ್ಟೆಯಲ್ಲಿರುವುದೂ ಹುಳ, ಎರೆಹುಳ, ಮಿಂಚುಹುಳ, ಹಲ್ಲಿಗೂ ಹುಳ ಹಿಡಿಯುತ್ತದೆ. ರಾತ್ರಿ ಹೊತ್ತು ಹಾವಿನ ಹೆಸರು ಹೇಳಬಾರದು ಅಂತ ಅಜ್ಜಿಯರು ಹಾವಿಗೂ 'ಹುಳ' ಅನ್ನುತ್ತಾರೆ. ಇಷ್ಟು ದೊಡ್ಡ ಚೀಲದ ಮೇಲೆ ನಾವು ಸುಮ್ನೆ 'ಕೀಟ' ಅಂತ ಚೀಟಿ ಅಂಟಿಸಿದರೆ, ಮಗು ಜೇಡವನ್ನೂ ಎರೆಹುಳವನ್ನೂ ಅದರೊಳಗೇ ಇಟ್ಟುಕೊಳ್ಳುತ್ತದೆ. ಅದರ ತಪ್ಪೇನಿದೆ ಹೇಳಿ?

ಹಾಗಾಗಿ ಮೊದಲ ದಿನ 'ಕೀಟ' ಎಂಬ ಪದವನ್ನೇ ಎತ್ತಬೇಡಿ. "ನಿಮಗೆ ಗೊತ್ತಿರೋ ಹುಳ ಎಲ್ಲಾ ಹೇಳಿ" ಅನ್ನಿ. ಅವರು ಹೇಳಿದ್ದನ್ನೆಲ್ಲ ಬೋರ್ಡ್‌ನ ಒಂದು ಬದಿಗೆ ಬರೆಯಿರಿ: ಗೊದ್ದ, ಕೆಂಜಿಗ, ಮಿಡತೆ, ಗುಲಗಂಜಿ ಹುಳ, ಜೀರ್ಜಿಂಬೆ, ಏರೋಪ್ಲೇನ್ ಚಿಟ್ಟೆ, ಚೇಳು, ಜೇಡ. ಹಾವು ಬಂದರೆ ಹಾವನ್ನೂ ಬರೆಯಿರಿ. ನಗಬೇಡಿ, ತಿದ್ದಬೇಡಿ. ಅಳಿಸದೆ ಒಂದು ದೊಡ್ಡ ಹಾಳೆಗೆ ಇಳಿಸಿಟ್ಟುಕೊಳ್ಳಿ. ಮೂರು ವಾರದ ಮೇಲೆ ಈ ಪಟ್ಟಿ ಮತ್ತೆ ಬೇಕು.

## ಹಂತ 3: ಸತ್ತ ಹುಳದ ಕಾಲು ಎಣಿಸಿ

ಓಡುವ ಇರುವೆಯ ಕಾಲನ್ನು ದೊಡ್ಡವರಿಗೇ ಎಣಿಸಲು ಆಗುವುದಿಲ್ಲ. ಆದರೂ ಎಲ್ಲರೂ ಇರುವೆಯಿಂದಲೇ ಶುರು ಮಾಡುತ್ತಾರೆ. ಮಕ್ಕಳು ಪಾಪ, ಎಂಟು, ಹತ್ತು, ನೂರು ಅಂತ ಬಾಯಿಗೆ ಬಂದದ್ದು ಹೇಳುತ್ತಾರೆ.

ಬೆಳಿಗ್ಗೆ ಟ್ಯೂಬ್‌ಲೈಟ್ ಕೆಳಗೆ, ಕಿಟಕಿ ಸಂದಿಯಲ್ಲಿ ನೋಡಿ. ನೊಣ, ಪತಂಗ, ಸಣ್ಣ ಜೀರುಂಡೆ ಸತ್ತು ಬಿದ್ದಿರುತ್ತವೆ. ಮಳೆ ಬಂದ ಮಾರನೇ ದಿನವಾದರೆ ರೆಕ್ಕೆ ಬಂದ ಗೆದ್ದಲು, ಕೆಲವು ಕಡೆ ಈಸಲು ಅನ್ನುತ್ತಾರೆ, ರಾಶಿ ಸಿಗುತ್ತವೆ. ಬಿಳಿ ಹಾಳೆಯ ಮೇಲೆ ಒಂದೊಂದು ಇಟ್ಟು ನಾಲ್ಕು ಮಕ್ಕಳಿಗೆ ಒಂದರಂತೆ ಕೊಡಿ. ನಲಿ-ಕಲಿ ಗುಂಪುಗಳಿದ್ದರೆ ಕೆಲಸ ಇನ್ನೂ ಸುಲಭ. ಪಾಠಕ್ಕಾಗಿ ಕೊಲ್ಲುವುದು ಬೇಡ, ಬಿದ್ದದ್ದೇ ಬೇಕಾದಷ್ಟಿದೆ.

ಕೇಳಬೇಕಾದ್ದು ಎರಡೇ ಪ್ರಶ್ನೆ. ಎಷ್ಟು ಕಾಲು? ಕಾಲು ಮೈಯ ಯಾವ ಭಾಗದಿಂದ ಹೊರಟಿದೆ?

ಎರಡನೇ ಪ್ರಶ್ನೆ ಮುಖ್ಯ. ತಲೆ, ಎದೆ, ಹೊಟ್ಟೆ ಮೂರರಲ್ಲಿ ಆರು ಕಾಲೂ ನಡುವಿನ ಎದೆಯಿಂದಲೇ ಬರುತ್ತವೆ. ರೆಕ್ಕೆ ಇದ್ದರೆ ಅದೂ ಅಲ್ಲಿಂದಲೇ. ಇರುವೆ ಬಿಡಿಸಿ ಅಂದರೆ ಮಕ್ಕಳು ಮಾತ್ರ ಅಲ್ಲ, ನಾವೂ ಹೊಟ್ಟೆಗೆ ಎರಡು ಕಾಲು ಅಂಟಿಸಿರುತ್ತೇವೆ. ನೀವು ಬೋರ್ಡ್ ಮೇಲೆ ಬಿಡಿಸಿದ್ದನ್ನು ಒಮ್ಮೆ ಹಿಂದೆ ಸರಿದು ನೋಡಿ.

ಆಮೇಲೆ ಜೇಡಿಮಣ್ಣಿನ ಮೂರು ಉಂಡೆ, ಕಡ್ಡಿ ಪೊರಕೆಯ ಆರು ಚೂರು, ಮೀಸೆಗೆ ಎರಡು ಚೂರು ಕೊಟ್ಟು ಮಾಡಿಸಿ. ಕೈಯಲ್ಲಿ ಮಾಡಿದ್ದು ಮರೆಯುವುದಿಲ್ಲ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಬಿಸಿಯೂಟಕ್ಕೆ ಮುಂಚೆ ಅಂತೂ ತಪ್ಪಬಾರದು.

ಈ ಹಂತದ ಅಪಾಯಗಳು ಇವು. ಹೆಜ್ಜೇನು, ಕಣಜದ ಗೂಡು ಇರುವ ಮರದ ಹತ್ತಿರ ಮಕ್ಕಳನ್ನು ಬಿಡಬೇಡಿ. ಕಲ್ಲು ಎತ್ತಿ ನೋಡುವುದು ಬೇಡ, ಕೆಳಗೆ ಚೇಳು ಇರಬಹುದು. ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟುವ ಆಟ ಶುರುವಾದರೆ ಅಲ್ಲಿಗೇ ನಿಲ್ಲಿಸಿ.

## ಹಂತ 4: ಸರಿಯಾದ ಹುಳ ತನ್ನಿ

ಎಕ್ಕದ ಗಿಡದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಚೆಂದದ ಹುಳ ಸುಲಭವಾಗಿ ಸಿಗುತ್ತದೆ. ಎಲ್ಲರೂ ಅದನ್ನೇ ತರುತ್ತಾರೆ. ಚಿಕ್ಕ ಮಕ್ಕಳ ತರಗತಿಗೆ ಅದು ಬೇಡ, ಎರಡು ಕಾರಣಕ್ಕೆ.

ಒಂದು, ಎಕ್ಕದ ಹಾಲು. ದಿನಾ ಎಲೆ ಕೀಳಬೇಕು, ಹಾಲು ಕೈಗೆ ಅಂಟುತ್ತದೆ, ಅದೇ ಕೈ ಕಣ್ಣಿಗೆ ಹೋದರೆ ಆಸ್ಪತ್ರೆಗೆ ಓಡಬೇಕು. ಎರಡು, ಆ ಜಾತಿಯ ಚಿಟ್ಟೆಗೆ ಮುಂದಿನ ಎರಡು ಕಾಲು ತೀರಾ ಗಿಡ್ಡ, ಎದೆಗೆ ಮಡಚಿಕೊಂಡಿರುತ್ತವೆ. ನೋಡಿದರೆ ನಾಲ್ಕೇ ಕಾಲು. ಮೂರು ವಾರ "ಆರು ಕಾಲು" ಅಂತ ಹೇಳಿಕೊಟ್ಟು ಕೊನೆಗೆ ನಾಲ್ಕು ಕಾಲಿನ ಚಿಟ್ಟೆ ತೋರಿಸಿದರೆ ಏನಾಗುತ್ತದೆ ಯೋಚಿಸಿ. ನಿಂಬೆಯ ಚಿಟ್ಟೆ ಆರು ಕಾಲಿನ ಮೇಲೂ ನೆಟ್ಟಗೆ ನಿಲ್ಲುತ್ತದೆ. ಕರಿಬೇವಿನ ಮೇಲೆ ಸಿಗುವುದೂ ಅದೇ ಬಳಗ.

ನಿಂಬೆಯ ಚಿಗುರಿನ ಮೇಲೆ ಗಸಗಸೆ ಕಾಳಿನಷ್ಟು ದೊಡ್ಡ, ತಿಳಿ ಹಳದಿ ಮೊಟ್ಟೆ ಒಂದೊಂದೇ ಇರುತ್ತದೆ. ಎಳೆ ಹುಳ ಥೇಟ್ ಹಕ್ಕಿ ಹಿಕ್ಕೆಯ ಹಾಗೆ, ಕಂದು ಮೈಗೆ ಬಿಳಿ ಮಚ್ಚೆ. ಹಕ್ಕಿಗಳ ಕಣ್ಣು ತಪ್ಪಿಸಲು ಅದರ ವೇಷ ಅದು. ಬೆಳೆದ ಮೇಲೆ ಹಸಿರು. ನೀವು ತರಬೇಕಾದ್ದು ಹಕ್ಕಿ ಹಿಕ್ಕೆಯಂತಿರುವ ಚಿಕ್ಕದನ್ನು. ದಪ್ಪ ಹಸಿರು ಹುಳದ ಆಸೆಗೆ ಬೀಳಬೇಡಿ. ಹೊರಗೆ ಜಾಸ್ತಿ ದಿನ ಇದ್ದ ಹುಳದ ಮೈಯೊಳಗೆ ಪುಟ್ಟ ಕಣಜಗಳು ಆಗಲೇ ಮೊಟ್ಟೆ ಇಟ್ಟಿರುವ ಸಾಧ್ಯತೆ ಜಾಸ್ತಿ.

ಹುಳವನ್ನು ಬೆರಳಲ್ಲಿ ಕೀಳಬೇಡಿ. ಅದು ಕೂತ ಎಲೆಯನ್ನೇ ತೊಟ್ಟಿನ ಸಮೇತ ಕತ್ತರಿಸಿ. ಎರಡು ಹುಳ ಸಾಕು, ಮೂರು ಜಾಸ್ತಿ. ಒಂದೊಂದಕ್ಕೆ ಒಂದೊಂದು ಡಬ್ಬಿ ಇದ್ದರೆ ಇನ್ನೂ ಒಳ್ಳೆಯದು.

ಮೈ ತುಂಬ ಕೂದಲಿರುವ ಕಂಬಳಿಹುಳ ಮಾತ್ರ ಯಾವ ಕಾರಣಕ್ಕೂ ಬೇಡ. ಮುಟ್ಟಿದರೆ ತುರಿಕೆ, ದದ್ದು. ಎಲ್ಲ ಹುಳವನ್ನೂ 'ಕಂಬಳಿಹುಳ' ಅನ್ನುವ ಅಭ್ಯಾಸ ನಮಗಿದೆ. ಕೂದಲಿದ್ದರೆ ಕಂಬಳಿಹುಳ, ಮುಟ್ಟಬಾರದು. ಇಷ್ಟನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ. ಗುರುತು ಸಿಗದ ಗಿಡದ, ಗುರುತು ಸಿಗದ ಹುಳವನ್ನೂ ಅಲ್ಲೇ ಬಿಡಿ. ಕೆಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ರಾಮನಗರ, ಶಿಡ್ಲಘಟ್ಟ ಕಡೆಯ ಶಾಲೆಯವರಿಗೆ ಒಂದು ಮಾತು. ನಿಮ್ಮ ಮಕ್ಕಳ ಮನೆಯಲ್ಲೇ ರೇಷ್ಮೆ ಹುಳ ಇದೆ. ಹುಳ ಜ್ವರಕ್ಕೆ ಕೂತಿದೆ (ಪೊರೆ ಬಿಡುತ್ತಿದೆ), ಹಣ್ಣಾಗಿದೆ (ಗೂಡು ಕಟ್ಟಲು ತಯಾರಾಗಿದೆ), ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟಿಗೆ) ಬಿಡಬೇಕು ಅನ್ನುವುದು ಅವರಿಗೆ ಮನೆಮಾತು. ಅಲ್ಲಿ ನಿಂಬೆ ಹುಳ ಹುಡುಕುತ್ತ ಅಲೆಯುವುದಕ್ಕಿಂತ ರೇಷ್ಮೆಯಿಂದಲೇ ಶುರು ಮಾಡಿ, ಮಕ್ಕಳೇ ನಿಮಗೆ ಪಾಠ ಮಾಡುತ್ತಾರೆ.

## ಹಂತ 5: ದಿನದ ಆರೈಕೆ

ಸಾಯುವ ಹುಳಗಳಲ್ಲಿ ಹೆಚ್ಚಿನವು ಇಲ್ಲೇ ಸಾಯುತ್ತವೆ. ನಿಧಾನವಾಗಿ ಓದಿ.

ಎಲೆ. ನಾನು ಮೊದಲ ವರ್ಷ ಸಂತೆಯಿಂದ ಐದು ರೂಪಾಯಿಯ ಕರಿಬೇವು ತಂದು ಹಾಕಿದ್ದೆ. ಮಾರನೇ ಬೆಳಿಗ್ಗೆ ಎರಡೂ ಹುಳ ಸೆಟೆದು ಬಿದ್ದಿದ್ದವು. ಮಾರುವ ಸೊಪ್ಪಿಗೆ ಔಷಧಿ ಹೊಡೆದಿರುತ್ತಾರೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಹುಳ ಯಾವ ಗಿಡದಲ್ಲಿ ಸಿಕ್ಕಿತೋ ಅದೇ ಗಿಡದ ಎಲೆ ಹಾಕಿ. ನಿಂಬೆಯದಕ್ಕೆ ನಡುವೆ ಕರಿಬೇವು, ಕರಿಬೇವಿನದಕ್ಕೆ ನಿಂಬೆ ಅಂತ ಬದಲಾಯಿಸಬೇಡಿ. ಎಲೆ ತೊಳೆದರೆ ಪೂರ್ತಿ ಒರೆಸಿ ಹಾಕಿ. ಎಳೆ ಹುಳಕ್ಕೆ ಚಿಗುರು, ಬಲಿತ ಹುಳಕ್ಕೆ ಬಲಿತ ಎಲೆ. ಕೊನೆಯ ದಿನಗಳಲ್ಲಿ ಬೆಳಿಗ್ಗೆ ಇಟ್ಟ ರೆಂಬೆ ಸಂಜೆಗೆ ಬರೀ ಕಡ್ಡಿಯಾಗಿರುತ್ತದೆ.

ನೀರು. ಹುಳಕ್ಕೆ ಕುಡಿಯಲು ನೀರು ಇಡಬೇಡಿ. ಎಲೆಯಲ್ಲಿರುವ ನೀರೇ ಅದಕ್ಕೆ ಸಾಕು. ರೆಂಬೆ ಬಾಡದಿರಲೆಂದು ಪುಟ್ಟ ಬಾಟಲಿಯ ನೀರಿಗೆ ಸಿಕ್ಕಿಸಿ, ಬಾಟಲಿಯ ಬಾಯಿಗೆ ಹತ್ತಿ ತುರುಕಿ. ಹತ್ತಿ ಮರೆತರೆ ಹುಳ ರೆಂಬೆಯಿಂದ ಇಳಿದು ಸೀದಾ ನೀರಿಗೆ ಹೋಗಿ ಮುಳುಗುತ್ತದೆ.

ಜಾಗ. ಕಿಟಕಿಯ ಮೇಲೆ ಇಡಬೇಡಿ. ಬಿಸಿಲು ಬಿದ್ದರೆ ಡಬ್ಬಿಯೊಳಗೆ ಹುಳ ಬೆಂದೇಹೋಗುತ್ತದೆ. ನೆರಳಿನಲ್ಲಿ, ಗಾಳಿ ಆಡುವ ಕಡೆ ಇಡಿ. ನೀರು ತುಂಬಿದ ತಟ್ಟೆಯ ನಡುವೆ ಒಂದು ಬಟ್ಟಲು ಬೋರಲು ಹಾಕಿ ಅದರ ಮೇಲೆ ಡಬ್ಬಿ ಕೂರಿಸಿದರೆ ಇರುವೆ ಹತ್ತುವುದಿಲ್ಲ. ಇರುವೆ ಚಾಕ್‌ನಿಂದ ಸುತ್ತ ಗೆರೆ ಎಳೆಯುವ ಬುದ್ಧಿವಂತಿಕೆ ಮಾತ್ರ ಬೇಡ, ಅದು ವಿಷ. ಸೊಳ್ಳೆ ಬತ್ತಿಯನ್ನೂ ಆ ಕೋಣೆಯಲ್ಲಿ ಹಚ್ಚಬಾರದು.

ಸ್ವಚ್ಛತೆ. ತಳಕ್ಕೆ ಪೇಪರ್ ಹಾಸಿ, ದಿನಾ ಬೆಳಿಗ್ಗೆ ಹಿಕ್ಕೆ ಸಮೇತ ತೆಗೆದು ಬದಲಾಯಿಸಿ. ಡಬ್ಬಿಯ ಒಳಗೋಡೆಯಲ್ಲಿ ನೀರ ಹನಿ ಕಂಡರೆ ಗಾಳಿ ಸಾಲದು ಅಂತ ಅರ್ಥ.

ಮಕ್ಕಳ ಕೆಲಸ. ದಿನಾ ಹುಳದಷ್ಟೇ ಉದ್ದದ ಒಂದು ಕಾಗದದ ಪಟ್ಟಿ ಕತ್ತರಿಸಿ ಹಾಳೆಗೆ ಸಾಲಾಗಿ ಅಂಟಿಸಿ. ಅಳೆಯಲು ಹುಳವನ್ನು ಹೊರಗೆ ತೆಗೆಯಬೇಕಿಲ್ಲ, ಪಟ್ಟಿಯನ್ನು ಡಬ್ಬಿಯ ಹೊರಗೆ ಹಿಡಿದರೆ ಆಯಿತು. ಎರಡು ವಾರಕ್ಕೆ ಏಣಿಯ ಹಾಗೆ ಏರಿದ ಚಿತ್ರ ತಯಾರು. ಒಂದನೇ ತರಗತಿಯವರಿಗೆ ಸೆಂಟಿಮೀಟರ್ ಬೇಡವೇ ಬೇಡ.

ಈಗ ಗಾಬರಿ ಹುಟ್ಟಿಸುವ ಆದರೆ ಏನೂ ಆಗಿರದ ಸಂಗತಿಗಳು. ಹುಳ ಒಂದಿಡೀ ದಿನ ತಿನ್ನದೆ ಅಲುಗದೆ ಕೂತರೆ ಅದು ಪೊರೆ ಬಿಡುತ್ತಿದೆ. ರೇಷ್ಮೆಯವರು ಜ್ವರ ಅನ್ನುವುದು ಇದಕ್ಕೇ. ಆಗ ಕಡ್ಡಿಯಿಂದ ತಿವಿದರೆ, ಜಾಗ ಬದಲಾಯಿಸಿದರೆ ಅದು ಸಾಯಬಹುದು. ಡಬ್ಬಿಯ ಮೇಲೆ ಕೆಂಪು ಚೀಟಿ ಅಂಟಿಸಿ, "ಇವತ್ತು ಮಲಗಿದೆ" ಅನ್ನಿ. ಕಳಚಿದ ಪೊರೆಯನ್ನು ಅದೇ ತಿಂದರೂ ಹೆದರಬೇಡಿ.

ಇನ್ನೊಂದು, ಹುಳವನ್ನು ಕೆಣಕಿದರೆ ತಲೆಯ ಹಿಂದಿನಿಂದ ಕಿತ್ತಳೆ ಕೆಂಪಿನ ಕವಲು ಕೊಂಬು ಹೊರಗೆ ಬರುತ್ತದೆ, ಘಾಟು ವಾಸನೆ ಬೇರೆ. ಮಕ್ಕಳು ಕಿರುಚುತ್ತಾರೆ, ಡಬ್ಬಿ ಕೈಜಾರುತ್ತದೆ. ಮೊದಲೇ ಹೇಳಿಟ್ಟಿರಿ. ಅದು ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಒಮ್ಮೆ ನೋಡಿದರೆ ಸಾಕು, ಪದೇ ಪದೇ ಮಾಡಿಸಿ ಆಟ ಮಾಡಬೇಡಿ.

ಮೂರನೆಯದು ಪ್ರಶ್ನೆ. "ಮಿಸ್, ಇದಕ್ಕೆ ಹದಿನಾರು ಕಾಲು! ಇದು ನಮ್ಮ ಆರು ಕಾಲಿನ ಗುಂಪಿಗೆ ಸೇರಲ್ಲ." ಈ ಪ್ರಶ್ನೆ ಬಂದರೆ ಪಾಠ ಸರಿದಾರಿಯಲ್ಲಿದೆ. ಭೂತಗನ್ನಡಿ ಕೊಡಿ. ತಲೆಯ ಹತ್ತಿರದ ಆರು ಚೂಪು, ಹಿಂದಿನ ಹತ್ತು ಮೆತ್ತಗೆ, ದಪ್ಪ. ಆರು ನಿಜವಾದ ಕಾಲು, ಉಳಿದವು ಕೊಂಬೆ ಹಿಡಿದುಕೊಳ್ಳಲು. "ಚಿಟ್ಟೆ ಆದಾಗ ಎಷ್ಟು ಉಳಿಯುತ್ತೆ ನೋಡೋಣ" ಅಂತ ಬಿಟ್ಟುಬಿಡಿ.

ನಿಜವಾಗಿ ಎಚ್ಚರ ವಹಿಸಬೇಕಾದ ಲಕ್ಷಣಗಳು:

- ಮೈ ಕಪ್ಪಾಗಿ ಜೋತುಬಿದ್ದು ನೀರು ಸೋರುತ್ತಿದ್ದರೆ ರೋಗ. ಕೂಡಲೇ ಬೇರೆ ಮಾಡಿ. ಡಬ್ಬಿ, ಬ್ರಷ್ ಎಲ್ಲ ಸೋಪಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ.
- ಮೈಯ ಮೇಲೋ ಪಕ್ಕದಲ್ಲೋ ಅಕ್ಕಿ ನುಚ್ಚಿನಂಥ ಬಿಳಿ ಗೂಡುಗಳು ಕಂಡರೆ ಕಣಜದ ಮರಿಗಳು ಅದನ್ನು ಒಳಗಿನಿಂದ ತಿಂದಿವೆ. ಉಳಿಯುವುದಿಲ್ಲ.
- ನಡುಗುತ್ತ, ಹಸಿರು ಕಕ್ಕುತ್ತ ಒದ್ದಾಡಿದರೆ ಔಷಧಿ ತಾಗಿದೆ. ಎಲೆಯ ಗಿಡ ಬದಲಾಗಿದೆಯಾ ಅಂತ ವಿಚಾರಿಸಿ.

ಸತ್ತರೆ ಸತ್ತಿತು ಅಂತಲೇ ಹೇಳಿ. ನಾನು ಒಮ್ಮೆ ರಾತ್ರೋರಾತ್ರಿ ಬೇರೆ ಹುಳ ತಂದಿಟ್ಟಿದ್ದೆ. ಬೆಳಿಗ್ಗೆ ಒಬ್ಬ ಹುಡುಗ ತನ್ನ ಕಾಗದದ ಪಟ್ಟಿ ಹಿಡಿದು, "ನಮ್ಮ ಹುಳ ರಾತ್ರಿ ಗಿಡ್ಡ ಆಗಿದೆ" ಅಂದ.

## ಹಂತ 6: ಕೋಶವಾದಾಗ ಕೈ ಕಟ್ಟಿ ಕೂತಿರಿ

ಎರಡನೇ ವಾರದ ಸುಮಾರಿಗೆ ಹುಳ ತಿನ್ನುವುದನ್ನು ಬಿಟ್ಟು ಡಬ್ಬಿ ತುಂಬ ಅಲೆಯಲು ಶುರು ಮಾಡುತ್ತದೆ. ಒಮ್ಮೆ ನೀರಾಗಿ ಹಿಕ್ಕೆ ಹಾಕುತ್ತದೆ. "ಭೇದಿ ಆಗಿದೆ" ಅಂತ ಬಿಸಾಡಿದವರಿದ್ದಾರೆ. ಅದು ಕಾಯಿಲೆಯಲ್ಲ, ಕೋಶವಾಗುವ ಸಿದ್ಧತೆ. ಕೋಶ ಅಂದರೆ ಹುಳ ಅಲುಗದೆ ಸಿಪ್ಪೆಯೊಳಗೆ ಚಿಟ್ಟೆಯಾಗಿ ಬದಲಾಗುವ ಹಂತ. ಈಗ ಡಬ್ಬಿಯಲ್ಲಿ ಒಂದೆರಡು ಒರಟು ಕಡ್ಡಿಗಳನ್ನು ಓರೆಯಾಗಿ ನಿಲ್ಲಿಸಿ.

ಹುಳ ಕಡ್ಡಿಗೆ ಬಾಲದ ತುದಿ ಅಂಟಿಸಿ, ನಡುವಿಗೆ ಉಡಿದಾರದಂತೆ ಒಂದು ನೂಲು ಸುತ್ತಿಕೊಳ್ಳುತ್ತದೆ. ಉಡಿದಾರ ಅಂದರೆ ಮಕ್ಕಳಿಗೆ ತಕ್ಷಣ ಕಣ್ಣಿಗೆ ಕಟ್ಟುತ್ತದೆ. ಒಂದು ದಿನದಲ್ಲಿ ಕೊನೆಯ ಪೊರೆ ಬಿಟ್ಟು ಕೋಶವಾಗುತ್ತದೆ. ಕೋಶ ಹಸಿರೂ ಇರಬಹುದು, ಕಂದೂ ಇರಬಹುದು. ಮೊದಲ ಎರಡು ದಿನ ಮುಟ್ಟಲೇಬಾರದು, ಸಿಪ್ಪೆ ಇನ್ನೂ ಮೆತ್ತಗಿರುತ್ತದೆ.

ಇಲ್ಲಿ 'ಗೂಡು' ಎನ್ನಬೇಡಿ. ಗೂಡು ಎಂದರೆ ರೇಷ್ಮೆಯದು, ಹೊರಗೆ ನೂಲಿನ ಮನೆ, ಕೋಶ ಅದರ ಒಳಗೆ. ನಿಂಬೆ ಹುಳಕ್ಕೆ ಹೊರಮನೆ ಇಲ್ಲ.

ನೂಲು ಹರಿದು ಕೋಶ ಬಿದ್ದರೆ ಒರಟು ಬಟ್ಟೆಯ ಮೇಲೆ, ಡಬ್ಬಿಯ ಗೋಡೆಗೆ ತಾಗಿದಂತೆ ಮಲಗಿಸಿ. ಹೊರಬಂದ ಚಿಟ್ಟೆ ಹತ್ತಲು ಪಕ್ಕದಲ್ಲಿ ಒಂದು ಕಡ್ಡಿ ಇರಲಿ. ಸಾಮಾನ್ಯವಾಗಿ ಹತ್ತು ದಿನ ಕಾಯಬೇಕು. ಚಳಿಯಲ್ಲಿ ಜಾಸ್ತಿ. ಹತ್ತು ದಿನ ಏನೂ ಆಗದ ಡಬ್ಬಿಯನ್ನು ನೋಡಿಸುವುದೇ ಈ ಹಂತದ ಕಷ್ಟ. ನಾನು ಈ ದಿನಗಳಲ್ಲಿ ಮಿಡತೆ, ಜಿರಳೆ ಕಡೆಗೆ ಹೋಗುತ್ತೇನೆ. ಅವುಗಳ ಮರಿ ಕೋಶವಾಗುವುದೇ ಇಲ್ಲ. ಮೊಟ್ಟೆಯಿಂದ ಬರುವಾಗಲೇ ಅಪ್ಪ ಅಮ್ಮನ ತದ್ರೂಪು, ರೆಕ್ಕೆ ಮಾತ್ರ ಆಮೇಲೆ.

## ಹಂತ 7: ಚಿಟ್ಟೆ ಬರುವ ದಿನ

ಕೋಶ ಕಪ್ಪಾಗಿ, ಒಳಗಿನ ರೆಕ್ಕೆಯ ಮಚ್ಚೆ ಹೊರಗೆ ಕಂಡರೆ ನಾಳೆ ಚಿಟ್ಟೆ. ಹೆಚ್ಚಾಗಿ ಬೆಳಿಗ್ಗೆಯೇ ಬರುತ್ತದೆ, ಪ್ರಾರ್ಥನೆ ಹೊತ್ತಿಗೆ ಬಂದುಬಿಟ್ಟರೆ ಅರ್ಧ ತರಗತಿಗೆ ತಪ್ಪಿಹೋಗುತ್ತದೆ. ಆ ದಿನ ಒಬ್ಬರು ಬೇಗ ಬಂದು ಕಾಯಲಿ.

ಚಿಟ್ಟೆ ಮುದುರಿದ ಒದ್ದೆ ರೆಕ್ಕೆಯೊಂದಿಗೆ ಹೊರಬಂದು ತೂಗಿಕೊಳ್ಳಲು ಜಾಗ ಹುಡುಕುತ್ತದೆ. ಡಬ್ಬಿ ಎತ್ತರ ಇರಬೇಕು ಅಂದಿದ್ದು ಇದಕ್ಕೇ. ರೆಕ್ಕೆ ಬಿಚ್ಚುವಾಗ ತಳಕ್ಕೆ ತಾಗಿದರೆ ಸೊಟ್ಟಗೇ ಒಣಗಿ, ಜನ್ಮಕ್ಕೆ ಹಾರಲಾಗದು. ಸಿಪ್ಪೆ ಬಿಡಿಸಿ ಸಹಾಯ ಮಾಡುವುದು ದೊಡ್ಡ ತಪ್ಪು. ಆ ಒದ್ದಾಟವನ್ನು ಅದೇ ಮುಗಿಸಬೇಕು.

ಕೆಳಗೆ ಬಣ್ಣದ ನೀರು ತೊಟ್ಟಿಕ್ಕುತ್ತದೆ. ಯಾರಾದರೂ ಒಂದು ಮಗು "ರಕ್ತ!" ಅಂತ ಅಳುತ್ತದೆ. ಅದು ರಕ್ತವಲ್ಲ, ಕೋಶದೊಳಗೆ ಸೇರಿಕೊಂಡಿದ್ದ ಕಸ.

ರೆಕ್ಕೆ ಗಟ್ಟಿಯಾಗಲು ಎರಡು ಮೂರು ಗಂಟೆ ಬೇಕು. ಅಷ್ಟರಲ್ಲಿ ಕಾಲು ಎಣಿಸಿಸಿ. ಆರು. ಹದಿನಾರರಲ್ಲಿ ಉಳಿದದ್ದು ಯಾವುದು ಅಂತ ಈಗ ಅವರೇ ಹೇಳುತ್ತಾರೆ. ಬಿಡುವಾಗ ಮಳೆ ಇರಬಾರದು, ಸಂಜೆಯೂ ಆಗಿರಬಾರದು. ಡಬ್ಬಿಯನ್ನು ನಿಂಬೆ ಗಿಡದ ಹತ್ತಿರ ತೆಗೆದಿಟ್ಟು ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ರೆಕ್ಕೆ ಹಿಡಿದು ಹಾರಿಸಬೇಡಿ, ಬೆರಳಿಗೆ ಅಂಟುವ ಪುಡಿ ಅದರ ರೆಕ್ಕೆಯ ಬಣ್ಣವೇ.

## ಹಂತ 8: ಈಗ 'ಕೀಟ' ಅನ್ನಿ, ಈಗ ಚಾರ್ಟ್ ತೆಗೆಯಿರಿ

ಹಂತ 2ರ ಹಾಳೆಯನ್ನು ಮತ್ತೆ ತೂಗುಹಾಕಿ. "ಆರು ಕಾಲು, ಮೂರು ಭಾಗದ ಮೈ ಇರೋ ಹುಳಕ್ಕೆ ದೊಡ್ಡವರು ಕೀಟ ಅಂತಾರೆ" ಎಂದು ಆ ಪದವನ್ನು ಮೊದಲ ಸಲ ಹೇಳಿ. ಪಟ್ಟಿಯಲ್ಲಿ ಯಾವುದು ಕೀಟವೋ ಅದಕ್ಕೆ ಮಕ್ಕಳೇ ಸುತ್ತು ಹಾಕಲಿ. ಜೇಡಕ್ಕೆ ಎಂಟು ಕಾಲು, ಚೇಳಿಗೂ ಎಂಟು. ಎರೆಹುಳಕ್ಕೆ ಕಾಲೇ ಇಲ್ಲ. ಹಾವಿನ ವಿಷಯಕ್ಕೆ ಬಂದಾಗ ತರಗತಿ ನಗುತ್ತದೆ, ಈಗ ನೀವೂ ನಗಬಹುದು.

ಪರೀಕ್ಷೆ ಮಾಡುವುದಾದರೆ "ಕೀಟಕ್ಕೆ ಎಷ್ಟು ಕಾಲು" ಅಂತ ಕೇಳಬೇಡಿ. ಪಾಠದಲ್ಲಿ ಬಾರದ ಒಂದು ಪ್ರಾಣಿ ತೋರಿಸಿ, ಸತ್ತ ಸಹಸ್ರಪದಿಯೋ ಕಿಟಕಿಯ ದುಂಬಿಯೋ ಏನಾದರೂ ಸರಿ, "ಇದು ಕೀಟವಾ? ಹೇಗೆ ಗೊತ್ತಾಯ್ತು?" ಎನ್ನಿ. ಮಗು ಬಾಯಿ ತೆರೆಯುವ ಮುಂಚೆ ಬಗ್ಗಿ ಎಣಿಸಲು ಹೋದರೆ ಮುಗಿಯಿತು. ಎಣಿಸದೆ "ಹೂಂ" ಅಂದರೆ ಆ ಮಗುವನ್ನು ಚಾರ್ಟ್ ಹತ್ತಿರ ಕರೆದೊಯ್ಯಬೇಡಿ. ಕಿಟಕಿ ಸಂದಿಯಲ್ಲಿ ಇನ್ನೊಂದು ಸತ್ತ ನೊಣ ಹುಡುಕಿ, ಹಂತ 3ರಿಂದ ಮತ್ತೆ ಶುರು ಮಾಡಿ.